ಡಿಸೈನ್ ಡೌಟು: ಲೋಗೋದಲ್ಲಿ ಬಣ್ಣ ಕರಗಿಸೋ ಮುಂಚೆ

ಹೋದ ತಿಂಗಳು ಇದೇ ಅಂಕಣದಲ್ಲಿ ಯಾರಿಗೋ ಉತ್ತರ ಕೊಡ್ತಾ "ಗ್ರೇಡಿಯೆಂಟ್ ಹಾಕೋದು ತಪ್ಪೇನಲ್ಲ, ಆದ್ರೆ ಅದು ಲೋಗೋದಲ್ಲಿ ಕೊನೇ ಕೆಲಸ" ಅಂತ ಒಂದು ಸಾಲು ಬರ್ದು ಮುಂದೆ ಹೋಗಿದ್ದೆ. ಈ ತಿಂಗಳು ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದ್ರ ಮೇಲೇನೇ. ಕೆಲವ್ರು ಬೈದಿದಾರೆ, ಕೆಲವ್ರು ತಮ್ಮ ಲೋಗೋನೇ ಕಳ್ಸಿ "ಈಗ ಹೇಳಿ ನೋಡೋಣ" ಅಂದಿದಾರೆ. ಸರಿ, ಈ ಸಲ ಪೂರ್ತಿ ಅದೇ ಮಾತಾಡೋಣ. ಗೊತ್ತಿಲ್ದೋರಿಗೆ ಒಂದ್ ಮಾತು, ಗ್ರೇಡಿಯೆಂಟ್ ಅಂದ್ರೆ ಒಂದು ಬಣ್ಣ ನಿಧಾನಕ್ಕೆ ಇನ್ನೊಂದಕ್ಕೆ ತಿರುಗೋದು, ಸಂಜೆ ಆಕಾಶದಲ್ಲಿ ಆಗತ್ತಲ್ಲ ಹಾಗೆ. ಪ್ರೆಸ್ಸಿನೋರು "ಡಬಲ್ ಶೇಡ್" ಅಂತಾರೆ, ಕೋರೆಲ್ ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರ್ ಕಲ್ತೋರು "ಫೌಂಟನ್ ಫಿಲ್" ಅಂತಾರೆ, ಎಲ್ಲಾ ಒಂದೇ.

ಪ್ರಶ್ನೆ: ಮನೇಲೇ ಚಟ್ನಿಪುಡಿ, ಜೋಳದ ರೊಟ್ಟಿ ಮಾಡಿ ಮಾರ್ತೀನಿ. ಅಕ್ಕನ ಮಗ ಲೋಗೋ ಮಾಡ್ಕೊಟ್ಟ, ಒಣಮೆಣಸಿನಕಾಯಿ ಕೆಂಪಿಂದ ಕರಿಬೇವಿನ ಹಸಿರಿಗೆ ಗ್ರೇಡಿಯೆಂಟ್. ಐಡಿಯಾ ಏನೋ ಚೆನ್ನಾಗಿದೆ, ಆದ್ರೆ ಮಧ್ಯದಲ್ಲಿ ಒಂಥರಾ ಕೊಳಕು ಬಣ್ಣ ಬರತ್ತೆ. ನಮ್ಮತ್ತೆ ನೋಡಿದ್ದೇ "ಇದೇನೇ, ಸಗಣಿ ಸಾರಿಸಿದಂಗಿದೆ" ಅಂದ್ರು. ಹುಡುಗ ಬೇಜಾರ್ ಮಾಡ್ಕೊಂಡಿದಾನೆ. ಯಾಕೆ ಹೀಗಾಗತ್ತೆ?
(ದಾವಣಗೆರೆ)

ಉತ್ತರ: ಮೇಡಂ, ನಿಮ್ಮತ್ತೆ ಕಣ್ಣು ಬಹಳ ಚುರುಕಾಗಿದೆ. ಹುಡುಗಂದೂ ತಪ್ಪಿಲ್ಲ, ಸಾಫ್ಟ್‌ವೇರ್ ಲೆಕ್ಕ ಹಾಕೋ ರೀತೀನೇ ಹಾಗಿದೆ.

ಸ್ಕ್ರೀನಲ್ಲಿ ಪ್ರತಿ ಬಣ್ಣಾನೂ ಮೂರು ಸಂಖ್ಯೆ ಅಷ್ಟೇ, ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು, ಒಂದೊಂದೂ 0ಯಿಂದ 255ರ ಒಳಗೆ. ಅಪ್ಪಟ ಕೆಂಪು ಅಂದ್ರೆ 255, 0, 0. ಅಪ್ಪಟ ಹಸಿರು ಅಂದ್ರೆ 0, 255, 0. ಈಗ ಮಧ್ಯದ ಬಣ್ಣ ಬೇಕು ಅಂದ್ರೆ ಕಂಪ್ಯೂಟರ್ರು ಎರಡೂ ಬಣ್ಣದ ಒಂದೊಂದು ಸಂಖ್ಯೇನೂ ಕೂಡಿಸಿ ಅರ್ಧ ಮಾಡತ್ತೆ, ಸುಮಾರು 128, 128, 0 ಬರತ್ತೆ. ಆ ನಂಬರ್ ಹಾಕಿ ನೋಡಿ, ನಿಮ್ಮತ್ತೆ ಹೇಳಿದ ಬಣ್ಣಾನೇ ಬರೋದು. ಇನ್ನೂ ಮಜಾ ಬೇಕಾ, ಹಳದಿಯಿಂದ ನೀಲಿಗೆ ಹೋಗಿ. ಹಳದಿ 255, 255, 0, ನೀಲಿ 0, 0, 255, ನಡುವೆ 128, 128, 128, ಅಂದ್ರೆ ಸೀದಾ ಬೂದಿ ಬಣ್ಣ. "ಅದ್ಹೇಗೆ, ಹಳದಿ ನೀಲಿ ಸೇರಿದ್ರೆ ಹಸಿರು ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿದ್ರಲ್ಲ" ಅಂತ ಕೇಳ್ತೀರಾ. ಅದು ಪೇಂಟು, ಇದು ಬೆಳಕು. ಎರಡರ ಲೆಕ್ಕ ಬೇರೆ.

ಬಣ್ಣಗಳನ್ನೆಲ್ಲ ಒಂದು ಚಕ್ರದ ಥರ ಸುತ್ತ ಜೋಡಿಸಿದ್ರೆ ಅಂಚಲ್ಲಿ ಹೊಳೆಯೋ ಬಣ್ಣ, ಒಳಗೊಳಗೆ ಹೋದ ಹಾಗೆ ಮಂಕು, ಮಧ್ಯದಲ್ಲಿ ಬೂದಿ. ಎದುರುಬದುರು ಕೂತಿರೋ ಎರಡು ಬಣ್ಣ ಆರಿಸಿ ನೇರ ಗೆರೆ ಎಳೆದ್ರೆ ಆ ಬೂದಿ ಮೇಲೇ ಹಾದು ಹೋಗ್ಬೇಕು. ಊರಿನ ಒಳಗೆ ನುಗ್ಗಿದ ಹಾಗೆ, ಬರೀ ಧೂಳು, ಟ್ರಾಫಿಕ್ಕು. ರಿಂಗ್ ರೋಡ್ ಹಿಡಿದ್ರೆ ದೂರ ಆದ್ರೂ ಗಾಡಿ ಕ್ಲೀನಾಗಿ ಹೋಗತ್ತೆ. ನಿಮ್ಮ ಲೋಗೋಗೂ ಅದೇ ಮಾಡ್ಸಿ. ಹುಡುಗನಿಗೆ ಹೇಳಿ, ಗ್ರೇಡಿಯೆಂಟ್ ಪಟ್ಟಿ ಮಧ್ಯದಲ್ಲಿ ಇನ್ನೊಂದು ಸ್ಟಾಪ್ (ಇಲ್ಲಿ ಈ ಬಣ್ಣ ಇರ್ಲಿ ಅಂತ ಇಡೋ ಗುರುತು) ಸೇರಿಸಿ ಅಲ್ಲಿ 255, 190, 0 ಹಾಕು ಅಂತ, ಅದು ಒಳ್ಳೇ ಅರಿಶಿನ ಬಣ್ಣ. ಈಗ ಹಸಿರು, ಅರಿಶಿನ, ಕೆಂಪು ಅಂತ ಹೋಗತ್ತೆ. ಗಿಡದಲ್ಲಿ ಮೆಣಸಿನಕಾಯಿ ಹಣ್ಣಾಗೋದೂ ಹೆಚ್ಚು ಕಮ್ಮಿ ಹಾಗೇ ಅಲ್ವಾ, ಅದಕ್ಕೇ ಕಣ್ಣಿಗೆ ಒಪ್ಪತ್ತೆ. ಇತ್ತೀಚಿನ ಫೋಟೋಶಾಪಲ್ಲಿ ಗ್ರೇಡಿಯೆಂಟ್ ಲೆಕ್ಕಕ್ಕೆ ಪರ್ಸೆಪ್ಚುವಲ್ ಅಂತ ಒಂದು ಆಯ್ಕೆ ಇದೆ, 2020ರಲ್ಲಿ ಬ್ಯೋರ್ನ್ ಒಟ್ಟೊಸನ್ ಅನ್ನೋರು ಓಕೆಲ್ಯಾಬ್ ಅಂತ ಒಂದು ಲೆಕ್ಕ ಮಾಡಿಟ್ರು, ಮನುಷ್ಯರ ಕಣ್ಣಿಗೆ ಹೇಗೆ ಕಾಣತ್ತೋ ಅದಕ್ಕೆ ಹತ್ತಿರ ಇರೋ ಲೆಕ್ಕ, ಅದನ್ನ ಇಟ್ಕೊಂಡು ಮಾಡಿರೋದು. ಕೊಳಕು ಕಮ್ಮಿ ಆಗತ್ತೆ. ಆದ್ರೂ ನಾನು ಕೈಯಾರೆ ಸ್ಟಾಪ್ ಹಾಕೋ ಪೈಕಿ.

ಇನ್ನೊಂದು ವಿಷ್ಯ, ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದೇ ಇರೋರು ಇದಾರೆ, ಗಂಡಸ್ರಲ್ಲೇ ಜಾಸ್ತಿ. ಅವ್ರಿಗೆ ನಿಮ್ಮ ಗ್ರೇಡಿಯೆಂಟ್ ಒಂದೇ ಬಣ್ಣದ ಪಟ್ಟಿ ಥರ ಕಾಣ್ಬೋದು. ಅದಕ್ಕೆ ಬರೀ ಬಣ್ಣ ಬದಲಾದ್ರೆ ಸಾಲ್ದು, ಒಂದು ತುದಿ ಗಾಢ ಇನ್ನೊಂದು ತಿಳಿ ಇರ್ಬೇಕು. ಚೆಕ್ ಮಾಡೋಕೆ ಫೋನಿನ ಸೆಟಿಂಗ್ಸಲ್ಲಿ ಕಪ್ಪು ಬಿಳುಪು ಮೋಡ್ ಹಾಕ್ಕೊಂಡು ಲೋಗೋ ನೋಡಿ, ಎರಡು ತುದಿ ಬೇರೆ ಬೇರೆ ಕಂಡ್ರೆ ಪಾಸು.

ಪ್ರಶ್ನೆ: ಸರ್, ನಂದೊಂದು ಡಿಟಿಪಿ ಅಂಗಡಿ ಐತ್ರಿ. ಕನ್ನಡ ಹೆಸರಿನ ಲೋಗೋ ಮಾಡೂವಾಗ ಅಕ್ಷರಗಳನ್ನ ಬ್ರೇಕ್ ಮಾಡಿ, ಸ್ವಲ್ಪ ಎಳೆದು ತಿದ್ದಿ, ಗ್ರೂಪ್ ಮಾಡಿ ಫೌಂಟನ್ ಫಿಲ್ ಹಾಕಿದ್ರ ಒಂದೊಂದ್ ಅಕ್ಷರಕ್ಕ ಬ್ಯಾರೆ ಬ್ಯಾರೆ ಶೇಡ್ ಬರ್ತೈತಿ. ಮತ್ತ ಕೆಳಗಿನ ಒತ್ತು ಕಾಣಂಗೇ ಇಲ್ಲ. ಇಂಗ್ಲಿಷ್ ಹೆಸರಿಗೆ ಹಿಂಗ ಆಗೂದಿಲ್ಲ. ಏನ್ ಮಾಡ್ಬೇಕ್ರಿ?
(ಹುಬ್ಬಳ್ಳಿ)

ಉತ್ತರ: ಈ ತಿಂಗಳ ಬೆಸ್ಟ್ ಪ್ರಶ್ನೆ ಇದೇ ಸರ್. ಮೊದಲನೇ ಅರ್ಧ ಸುಲಭ. ಗ್ರೂಪ್ ಅಂದ್ರೆ ಹಗ್ಗ ಹಾಕಿ ಕಟ್ಟಿದ ಸೌದೆ ಹೊರೆ, ಒಳಗೆ ಒಂದೊಂದು ಕಟ್ಟಿಗೇನೂ ಬೇರೇನೇ. ನೀವು ಫಿಲ್ ಹಾಕಿದ್ರೆ ಪ್ರತಿ ತುಂಡಿಗೂ ಪೂರ್ತಿ ಗ್ರೇಡಿಯೆಂಟ್ ಒಂದೊಂದು ಸಲ ಬೀಳತ್ತೆ. ಒಂದೇ ವಸ್ತು ಆಗ್ಬೇಕು ಅಂದ್ರೆ ಕೋರೆಲ್ ಡ್ರಾದಲ್ಲಿ ಎಲ್ಲಾ ಸೆಲೆಕ್ಟ್ ಮಾಡಿ ವೆಲ್ಡ್ ಕೊಡಿ, ಅಂದ್ರೆ ತುಂಡುಗಳನ್ನ ಬೆಸೆದು ಒಂದು ಮಾಡೋದು, ಆಮೇಲೆ ಎಫ್ 11 ಒತ್ತಿ ಫಿಲ್ ಹಾಕಿ, ಹೆಸರಿನ ಈ ತುದಿಯಿಂದ ಆ ತುದಿವರೆಗೆ ಒಂದೇ ಶೇಡ್ ಹರಿಯತ್ತೆ. ಕಂಟ್ರೋಲ್ ಎಲ್ ಒತ್ತಿ ಕಂಬೈನ್ ಮಾಡಿದ್ರೂ ಆಗತ್ತೆ, ಆದ್ರೆ ಕನ್ನಡದಲ್ಲಿ ಕೊಂಬು, ದೀರ್ಘ, ಒತ್ತು ಅಂತ ಒಂದ್ರ ಮೇಲೊಂದು ಕೂತಿರ್ತವೆ, ಆ ಜಾಗ ಎಲ್ಲಾ ತೂತು ಬೀಳತ್ತೆ, ಅದಕ್ಕೆ ವೆಲ್ಡೇ ವಾಸಿ. ಇಲ್ಲಸ್ಟ್ರೇಟರ್ ಸಾಫ್ಟ್‌ವೇರ್ ಬಳಸೋರು ಒಂದೇ ವಸ್ತು ಮಾಡೋಕೆ ಕಂಟ್ರೋಲ್ 8 ಒತ್ತಿ, ಅದಕ್ಕೆ ಕಾಂಪೌಂಡ್ ಪಾತ್ ಅಂತಾರೆ. ಅಕ್ಷರ ಬ್ರೇಕ್ ಮಾಡೋ ಮುಂಚೆ ಒಂದು ಕಾಪಿ ಪಕ್ಕಕ್ಕಿಡಿ, ಆಮೇಲೆ "ಠ" ಒಳಗಿನ ಚುಕ್ಕಿ ಎಲ್ಹೋಯ್ತು ಅಂತ ಹುಡುಕೋ ಗೋಳು ತಪ್ಪತ್ತೆ.

ಎರಡನೇ ಅರ್ಧ ನೋಡಿ, ಒತ್ತಕ್ಷರದ್ದು. ಇಂಗ್ಲಿಷ್ ದೊಡ್ಡಕ್ಷರಗಳು ಒಂದೇ ಅಂತಸ್ತಿನ ಮನೆ, ಸಾಲಾಗಿ ಒಂದೇ ಎತ್ತರಕ್ಕೆ ನಿಂತಿರ್ತವೆ. ಕನ್ನಡದ್ದು ಮೂರಂತಸ್ತು. ಮೇಲೆ ತಲೆಕಟ್ಟು ಗುಡಿಸು, ನಡುವೆ ಮೈ, ಕೆಳಗೆ ಒತ್ತು. "ಲಕ್ಷ್ಮಿ" ಅಂತ ಬರ್ದು ನೋಡಿ, "ಲ" ಮೇಲಷ್ಟೇ ನಿಂತಿರತ್ತೆ, "ಕ್ಷ್ಮಿ" ಕೆಳಗೆ ಎರಡು ಒತ್ತು ಇಳಿಬಿಟ್ಕೊಂಡಿರತ್ತೆ. ನೀವು ಮೇಲಿಂದ ಕೆಳಕ್ಕೆ ಮರೂನಿನಿಂದ ಚಿನ್ನದ ಹಳದಿಗೆ ಗ್ರೇಡಿಯೆಂಟ್ ಹಾಕಿದ್ರಿ ಅಂತಿಟ್ಕೊಳ್ಳಿ, ಸಾಫ್ಟ್‌ವೇರ್ ಅಳತೆ ತಗೊಳ್ಳೋದು ತಲೆಕಟ್ಟಿಂದ ಒತ್ತಿನ ತುದಿವರೆಗೆ. ಹಾಗಾಗಿ "ಲ" ಬರೀ ಮರೂನಲ್ಲೇ ಮುಗಿದೋಗತ್ತೆ, ಹಳದಿ ಎಲ್ಲಾ ಪಾಪ ಆ ಒತ್ತುಗಳ ಪಾಲಿಗೆ. ಒತ್ತು ಮೊದಲೇ ಚಿಕ್ಕದು, ಗೆರೆ ತೆಳು, ಅದಕ್ಕೆ ತಿಳಿ ಬಣ್ಣ ಬೇರೆ ಬಿದ್ರೆ ಬಿಳಿ ಹಾಳೆ ಮೇಲೆ ಮಾಯ. "ಅನ್ನಪೂರ್ಣ" ಹೋಗಿ "ಅನಪೂಣ" ಆಗಿರೋ ಬೋರ್ಡ್ ನಾನೇ ನೋಡಿದೀನಿ, ಅರ್ಕಾವತ್ತೂ ಒತ್ತೂ ಎರಡೂ ತಿಳಿ ಹಳದೀಲಿ ಕರಗಿ ಹೋಗಿತ್ತು.

ಮೂರು ದಾರಿ ಇದೆ. ತಲೆ ಕೆಳಗು ಮಾಡಿ, ಅಂದ್ರೆ ತಿಳಿ ಬಣ್ಣ ಮೇಲೆ, ಗಾಢ ಬಣ್ಣ ಕೆಳಗೆ, ಒತ್ತು ಗಟ್ಟಿಯಾಗಿ ನಿಲ್ಲತ್ತೆ. ಇಲ್ಲಾ ಎಡದಿಂದ ಬಲಕ್ಕೆ ಹರಿಸಿ. ಅದೂ ಬೇಡ ಅಂದ್ರೆ ಹೆಸರಿಗೆ ಒಂದೇ ಗಟ್ಟಿ ಬಣ್ಣ ಕೊಟ್ಟು, ಪಕ್ಕದ ಚಿಹ್ನೆಗೆ ಮಾತ್ರ ಗ್ರೇಡಿಯೆಂಟ್ ಹಾಕಿ. ನನ್ನ ಓಟು ಮೂರನೇದಕ್ಕೆ. ಕನ್ನಡ ಅಕ್ಷರಾನೇ ಗುಂಡು ಗುಂಡಾಗಿ ತಿರುವು ಮುರುವು ಇರೋ ಸೊಗಸುಗಾತಿ, ಅದಕ್ಕೆ ಮತ್ತೆ ಮೇಕಪ್ ಯಾಕೆ.

ಪ್ರಶ್ನೆ: ಇನ್‌ಸ್ಟಾಗ್ರಾಮ್ ನೋಡಿ, ಈಗ ಗೂಗಲ್ ನೋಡಿ, ಎಲ್ಲಾ ಗ್ರೇಡಿಯೆಂಟ್. ನಾವು ಹೊಸದಾಗಿ ಡೆಲಿವರಿ ಸ್ಟಾರ್ಟಪ್ ಶುರು ಮಾಡ್ತಿದೀವಿ. ನೀವು ಮಾತ್ರ ಕೊನೇ ಕೆಲಸ ಅಂತೀರಾ. ಸ್ವಲ್ಪ ಹಳೇ ಕಾಲದೋರಾಗ್ಲಿಲ್ವಾ?
(ಬೆಂಗಳೂರು)

ಉತ್ತರ: ಇರ್ಬೋದು, ಕೂದಲೂ ಗ್ರೇಡಿಯೆಂಟ್ ಆಗಿದೆ. ಆದ್ರೆ ನೀವು ಹೇಳಿದ ಉದಾಹರಣೆಗಳನ್ನೇ ಸ್ವಲ್ಪ ಹತ್ರದಿಂದ ನೋಡೋಣ.

ಇನ್‌ಸ್ಟಾಗ್ರಾಮ್ ಬದಲಾಗಿದ್ದು 2016ರ ಮೇನಲ್ಲಿ. ಅದಕ್ಕೂ ಮುಂಚೆ ಕಂದು ಬಣ್ಣದ ಹಳೇ ಕ್ಯಾಮೆರಾ ಚಿತ್ರ ಇತ್ತು, ಲೆನ್ಸು, ಮೇಲ್ಗಡೆ ಕಾಮನಬಿಲ್ಲಿನ ಪಟ್ಟಿ ಎಲ್ಲಾ. ಅದನ್ನ ತೆಗೆದು ನೇರಳೆ, ಗುಲಾಬಿ, ಕಿತ್ತಳೆ, ಹಳದಿ ಕರಗಿಸಿದ್ದು ಹಾಕಿದಾಗ ಜನ ಸಿಕ್ಕಾಪಟ್ಟೆ ಆಡ್ಕೊಂಡ್ರು. ಎಲ್ರೂ ಬಣ್ಣದ ಬಗ್ಗೇನೇ ಮಾತಾಡಿದ್ರು, ಆದ್ರೆ ನಿಜವಾದ ಕೆಲಸ ಆಗಿದ್ದು ಆಕಾರದಲ್ಲಿ. ಒಂದು ದುಂಡು ಮೂಲೆಯ ಚೌಕ, ಒಳಗೊಂದು ವೃತ್ತ, ಮೂಲೇಲೊಂದು ಚುಕ್ಕಿ. ಪೆನ್ನು ಕೊಟ್ರೆ ನಿಮ್ಮನೆ ಮಗೂನೂ ಬರೆಯತ್ತೆ. ಬಸ್ಸಿನ ಹಿಂದೆ, ವಿಸಿಟಿಂಗ್ ಕಾರ್ಡಲ್ಲಿ, ಹೋಟೆಲ್ ಮೆನು ಕೆಳಗೆ, ಅದು ಬರೀ ಕಪ್ಪಲ್ಲಿ ಇದ್ರೂ ನಮಗೆ ಗುರುತು ಸಿಗತ್ತೆ. ಗ್ರೇಡಿಯೆಂಟ್ ತೆಗೆದ್ರೂ ಲೋಗೋ ಉಳಿಯತ್ತೆ. ಗೂಗಲ್ ಕತೇನೂ ಅಷ್ಟೇ, 2015ರಲ್ಲಿ ನಾಲ್ಕು ಬಣ್ಣ ಕತ್ತರಿಸಿ ಜೋಡಿಸಿದ ಜಿ ಮಾಡಿದ್ರು, 2025ರಲ್ಲಿ ಆ ಬಣ್ಣಗಳ ಗಡಿ ಅಳಿಸಿ ಒಂದ್ರೊಳಗೊಂದು ಕರಗಿಸಿದ್ರು. ಹತ್ತು ವರ್ಷ ಜನ ಆ ಆಕಾರ, ಆ ಬಣ್ಣದ ಸಾಲು ನೋಡಿ ನೋಡಿ ಬಾಯಿಪಾಠ ಆದ್ಮೇಲೆ. ಅದಕ್ಕೇ ನಾನು ಕೊನೇ ಕೆಲಸ ಅಂದಿದ್ದು.

ಉಲ್ಟಾ ದಿಕ್ಕಿಗೆ ಹೋದೋರೂ ಇದಾರೆ. ಮಾಸ್ಟರ್‌ಕಾರ್ಡ್‌ನೋರು ಅದೇ 2016ರಲ್ಲಿ, ಕೆಂಪು ಹಳದಿ ಎರಡು ವೃತ್ತ ಸೇರೋ ಜಾಗದಲ್ಲಿ ಬಾಚಣಿಗೆ ಹಲ್ಲಿನ ಥರ ಇದ್ದ ಗೆರೆಗಳನ್ನ ಕಿತ್ತು ಹಾಕಿ ಒಂದೇ ಗಟ್ಟಿ ಕಿತ್ತಳೆ ಇಟ್ರು. ನೋಡೋರಿಗೆ ಎರಡು ಬಣ್ಣ ಬೆರೆತ ಭಾವನೆ ಬರತ್ತೆ, ಪ್ರಿಂಟಿಂಗ್‌ನೋನಿಗೆ ಮಾತ್ರ ಮೂರೇ ಗಟ್ಟಿ ಬಣ್ಣ. ಇದು ನನಗೆ ಬಹಳ ಇಷ್ಟವಾದ ಉಪಾಯ. 1977ರಲ್ಲಿ ರಾಬ್ ಜಾನೋಫ್ ಮಾಡಿದ ಆಪಲ್ ಲೋಗೋನೂ ಅಷ್ಟೇ, ಆರು ಬಣ್ಣ ಇತ್ತು, ಒಂದೂ ಇನ್ನೊಂದಕ್ಕೆ ಕರಗ್ತಿರ್ಲಿಲ್ಲ, ಎಲ್ಲಾ ಗಟ್ಟಿ ಪಟ್ಟೆ.

ಈಗ ನಿಮ್ಮ ಕೆಲಸಕ್ಕೆ ಬನ್ನಿ. ಇನ್‌ಸ್ಟಾಗ್ರಾಮ್ ಇರೋದು ಗಾಜಿನ ಹಿಂದೆ, ಹೊಳೆಯೋ ಸ್ಕ್ರೀನಲ್ಲಿ. ನಿಮ್ಮ ಲೋಗೋ ಇರೋದು ಹುಡುಗರ ಟೀ ಶರ್ಟ್ ಬೆನ್ನಲ್ಲಿ, ಡೆಲಿವರಿ ಬ್ಯಾಗಲ್ಲಿ, ಮಳೇಲಿ ನೆಂದು ಬಿಸಿಲಲ್ಲಿ ಒಣಗೋ ಸ್ಟಿಕ್ಕರಲ್ಲಿ. ಆಪ್ ಐಕಾನಿಗೆ ಗ್ರೇಡಿಯೆಂಟ್ ಇಡಿ, ಬ್ಯಾಗಿಗೆ ಒಂದೇ ಬಣ್ಣದ್ದು ಇಡಿ, ಎರಡೂ ಮೊದಲ ದಿನಾನೇ ರೆಡಿ ಮಾಡಿಸ್ಕೊಳ್ಳಿ. ಡಿಸೈನರ್ ಹತ್ರ ಒಂದೇ ಫೈಲ್ ಇಸ್ಕೊಂಡು ಬರ್ಬೇಡಿ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಹೊಸ ಲೋಗೋಗೆ ನಾಡಬಾವುಟದ ಹಳದಿ ಕೆಂಪನ್ನ ಗ್ರೇಡಿಯೆಂಟ್ ಮಾಡಿ, ಮೇಲೆ ಬಿಳಿ ಅಕ್ಷರದಲ್ಲಿ ಸಂಘದ ಹೆಸರು ಹಾಕಿದೀವಿ. ಕಮಿಟೀಲಿ ಜಗಳ ಶುರುವಾಗಿದೆ. ನಿಮ್ಮ ಅಭಿಪ್ರಾಯ?
(ಮೆಲ್ಬರ್ನ್)

ಉತ್ತರ: ಕನ್ನಡ ಸಂಘ ಅಂದ್ಮೇಲೆ ಜಗಳ ಇಲ್ದೇ ಇರತ್ತಾ, ಬಿಡಿ. ಆದ್ರೆ ಈ ಸಲ ಜಗಳ ಆಡ್ತಿರೋರ ಕಡೆ ನ್ಯಾಯ ಇದೆ.

ತಾಂತ್ರಿಕವಾಗಿ ಹಳದಿ ಕೆಂಪು ಒಳ್ಳೇ ಜೋಡಿ, ಚಕ್ರದಲ್ಲಿ ಅಕ್ಕಪಕ್ಕದೋರು, ಮಧ್ಯದಲ್ಲಿ ಕೊಳಕಾಗಲ್ಲ. ಹಳದಿ 255, 255, 0, ಕೆಂಪು 255, 0, 0, ನಡುವೆ 255, 128, 0, ಒಳ್ಳೇ ಕಿತ್ತಳೆ. ತೊಂದ್ರೆ ಆ ಕಿತ್ತಳೇದೇ. ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕೊಟ್ಟ ಬಾವುಟದಲ್ಲಿ ಇರೋದು ಎರಡೇ ಬಣ್ಣ, ಅರಿಶಿನ ಕುಂಕುಮ, ನಡುವೆ ಚಾಕು ಇಟ್ಟು ಕತ್ತರಿಸಿದ ಹಾಗೆ ಒಂದು ಗೆರೆ. ಕನ್ನಡಿಗರು ಗುರುತು ಹಿಡಿಯೋದು ಆ ಎರಡು ಪಟ್ಟೀನ. ನೀವು ಕರಗಿಸಿದ ತಕ್ಷಣ ಮುಕ್ಕಾಲು ಜಾಗ ಕೇಸರಿ ಆಗೋಗತ್ತೆ, ಆಮೇಲೆ ಜನ ಅದಕ್ಕೆ ಬೇರೆ ಬೇರೆ ಅರ್ಥ ಹಚ್ತಾರೆ, ನೀವು ವಿವರಣೆ ಕೊಡ್ತಾ ಕೂರ್ಬೇಕು. ಅರಿಶಿನ ಕುಂಕುಮದ ಬಟ್ಲು ಪಕ್ಕಪಕ್ಕ ಇಡ್ತೀವೇ ಹೊರ್ತು ಎರಡನ್ನೂ ಒಂದ್ರಲ್ಲಿ ಸುರಿದು ಕಲಸಲ್ಲ ಅಲ್ವಾ.

ಬಿಳಿ ಅಕ್ಷರದ ಕತೆ ಇನ್ನೂ ಕಷ್ಟ. ಎರಡು ಬಣ್ಣದ ನಡುವೆ ಓದೋಕೆ ಎಷ್ಟು ಅಂತರ ಇದೆ ಅಂತ ಅಳೆಯೋ ಲೆಕ್ಕ ಒಂದಿದೆ, ಕಾಂಟ್ರಾಸ್ಟ್ ರೇಶಿಯೋ. ಕಪ್ಪು ಬಿಳುಪಿಗೆ 21, ಬಿಳಿ ಮೇಲೆ ಬಿಳಿ 1. ವೆಬ್‌ಸೈಟಿನ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5 ಇರ್ಲಿ ಅಂತಾರೆ, ಲೋಗೋಗೆ ಆ ನಿಯಮ ಕಟ್ಟುನಿಟ್ಟಿಲ್ಲ ಆದ್ರೂ ಅಂದಾಜಿಗೆ ಒಳ್ಳೇದು. ಅಪ್ಪಟ ಕೆಂಪಿನ ಮೇಲೆ ಬಿಳಿ ಸುಮಾರು 4 ಬರತ್ತೆ, ಪರ್ವಾಗಿಲ್ಲ. ಅಪ್ಪಟ ಹಳದಿ ಮೇಲೆ ಬಿಳಿ 1.07. ಅಂದ್ರೆ ಇಲ್ಲವೇ ಇಲ್ಲ. ನಿಮ್ಮ ಸಂಘದ ಹೆಸರಲ್ಲಿ ಕೆಂಪಿನ ಕಡೆ ಇರೋ ಅರ್ಧ ಓದ್ಬೋದು, ಹಳದಿ ಕಡೆ ಇರೋ ಅರ್ಧ ಊಹೆ ಮಾಡ್ಬೇಕು. ಗ್ರೇಡಿಯೆಂಟ್ ಮೇಲೆ ಅಕ್ಷರ ಇಡೋರೆಲ್ಲಾ ಮಾಡೋ ತಪ್ಪು ಇದು, ಚೆನ್ನಾಗಿ ಕಾಣೋ ತುದೀಲಿ ನೋಡಿ ಓಕೆ ಅಂತಾರೆ. ನೋಡ್ಬೇಕಾಗಿದ್ದು ಕೆಟ್ಟ ತುದೀನ.

ಪ್ರಶ್ನೆ: ಪ್ರಿಂಟ್ ಮಾಡೋವಾಗ ಗ್ರೇಡಿಯೆಂಟ್ ಹಾಳಾಗತ್ತೆ ಅಂತ ಎಲ್ರೂ ಹೇಳ್ತಾರೆ. ಯಾವುದ್ರಲ್ಲಿ ಬರತ್ತೆ, ಯಾವುದ್ರಲ್ಲಿ ಬರಲ್ಲ, ಸ್ವಲ್ಪ ಬಿಡಿಸಿ ಹೇಳಿ. ನಮ್ದು ಸಣ್ಣ ಬೇಕರಿ.
(ಹಾಸನ)

ಉತ್ತರ: ಬೇಕರಿ ಅಂದ ತಕ್ಷಣ ನನಗೆ ಎದೆ ಧಸಕ್ ಅಂತು, ಯಾಕಂದ್ರೆ ನಾನು ಈ ಪಾಠ ಕಲ್ತಿದ್ದೇ ಒಂದು ಬೇಕರಿ ಲೋಗೋದಲ್ಲಿ. ಕೆಲಸ ಶುರು ಮಾಡಿದ ಹೊಸದು. ಬನ್ನಿನ ಮೇಲ್ಗಡೆ ಸುಟ್ಟ ಕಂದು, ಕೆಳಗೆ ಬರ್ತಾ ಬರ್ತಾ ಕೆನೆ ಬಣ್ಣ, ಕೊನೆಗೆ ಬಿಳೀಲಿ ಮಾಯ. ವಿಸಿಟಿಂಗ್ ಕಾರ್ಡಲ್ಲಿ ಆಫ್‌ಸೆಟ್ ಪ್ರಿಂಟ್ ಹಾಕಿಸಿದ್ವಿ, ಬನ್ನಿಂದ ಹಬೆ ಬರ್ತಿದ್ಯೇನೋ ಅನ್ನಿಸ್ತು. ಓನರ್ ಖುಷಿಯಾಗಿ ಕೈಗೆ ಒಂದು ಡಬ್ಬ ದಿಲ್‌ಪಸಂದ್ ಕೊಟ್ರು. ಆಮೇಲೆ 5,000 ಪೇಪರ್ ಬ್ಯಾಗ್ ಆರ್ಡರ್ ಮಾಡಿದ್ರು. ಬ್ಯಾಗ್ ಬಂದಾಗ ನೋಡಿದ್ರೆ ಆ ಮಾಯ ಆಗೋ ಜಾಗದಲ್ಲಿ ಒಂದು ಗೆರೆ, ಗೋಡೇಲಿ ನೀರು ಇಳಿದು ಒಣಗಿದ ಗುರುತು ಇರತ್ತಲ್ಲ, ಥೇಟ್ ಹಾಗೆ. ಪ್ರೆಸ್ಸಿನೋರನ್ನ ಬೈಯೋಕೆ ಹೋದೆ, ಅವ್ರು ನನ್ನ ಕೂರಿಸ್ಕೊಂಡು ಪ್ಲೇಟ್, ಅಂದ್ರೆ ಶಾಯಿ ಹಚ್ಚಿ ಒತ್ತೋ ಅಚ್ಚು, ತೋರಿಸಿದ್ರು.

ಏನಂದ್ರೆ, ಮಷೀನಿಗೆ "ತಿಳಿ ಕಂದು" ಅನ್ನೋ ಶಾಯಿ ಇಲ್ಲ. ತಿಳಿ ಬಣ್ಣ ಅಂದ್ರೆ ಸಣ್ಣ ಸಣ್ಣ ಚುಕ್ಕಿ ದೂರ ದೂರ, ಗಾಢ ಅಂದ್ರೆ ದಪ್ಪ ಚುಕ್ಕಿ ಒತ್ತೊತ್ತಾಗಿ. ಭೂತಗನ್ನಡಿ ಹಿಡಿದು ಯಾವ್ದೇ ಕಲರ್ ಪೇಪರ್ ನೋಡಿ, ಕಾಣತ್ತೆ. ಆಫ್‌ಸೆಟ್ಟು ಬಹಳ ಸಣ್ಣ ಚುಕ್ಕೀನೂ ಹಿಡಿಯತ್ತೆ. ಬ್ಯಾಗು, ಪ್ಲಾಸ್ಟಿಕ್ ಕವರಿಗೆ ಹೆಚ್ಚಾಗಿ ಫ್ಲೆಕ್ಸೋ ಅನ್ನೋ ಪ್ರಿಂಟು (ಫ್ಲೆಕ್ಸ್ ಬ್ಯಾನರ್ ಬೇರೆ), ಅದು ಮೆತ್ತಗಿನ ರಬ್ಬರಿನ ಥರದ ಪ್ಲೇಟು, ತೀರಾ ಸಣ್ಣ ಚುಕ್ಕಿ ಅದ್ರ ಮೇಲೆ ನಿಲ್ಲಲ್ಲ. ಹಾಗಾಗಿ ಬಣ್ಣ ನಿಧಾನಕ್ಕೆ ಸೊನ್ನೆಗೆ ಹೋಗಲ್ಲ, ಒಂದು ಮಟ್ಟಕ್ಕೆ ಬಂದು ದಿಢೀರ್ ನಿಂತೋಗತ್ತೆ. ಅದೇ ಆ ಗೆರೆ. ಅವತ್ತಿಂದ ನಾನು ಯಾವ ಲೋಗೋನೂ ಬಿಳಿಗೆ ಕರಗಿಸಿಲ್ಲ. ಕೊನೇ ಬಣ್ಣ ಏನೇ ಇರ್ಲಿ, ಅದು ಕಣ್ಣಿಗೆ ಕಾಣೋ ಗಟ್ಟಿ ಬಣ್ಣ ಆಗಿರ್ಬೇಕು, ಮತ್ತೆ ಆಕಾರದ ಅಂಚಿನವರೆಗೂ ಇರ್ಬೇಕು.

ಬೇರೆದೆಲ್ಲ ಬೇಗ ಹೇಳ್ಬಿಡ್ತೀನಿ. ಡಿಜಿಟಲ್ ಪ್ರಿಂಟ್, ಆಫ್‌ಸೆಟ್, ಫ್ಲೆಕ್ಸ್ ಬ್ಯಾನರ್, ಇವ್ರಲ್ಲಿ ಗ್ರೇಡಿಯೆಂಟ್ ಬರತ್ತೆ. ಬಟ್ಟೆ ಬ್ಯಾಗಿಗೆ ಹಾಕೋ ಸ್ಕ್ರೀನ್ ಪ್ರಿಂಟಲ್ಲಿ ಚುಕ್ಕಿ ಮಾಡಿ ಹಾಕ್ಬೋದು, ಆದ್ರೆ ಚುಕ್ಕಿ ದೊಡ್ಡದಾಗಿ ಒರಟಾಗಿ ಕಾಣತ್ತೆ, ಜೊತೆಗೆ ಬಣ್ಣ ಹೆಚ್ಚಾದಷ್ಟೂ ಸ್ಕ್ರೀನು ಹೆಚ್ಚು, ದುಡ್ಡು ಹೆಚ್ಚು. ವ್ಯಾನ್ ಮೇಲಿನ ರೇಡಿಯಂ ಸ್ಟಿಕ್ಕರ್ ಕಟಿಂಗ್ ಅಂದ್ರೆ ಒಂದೇ ಬಣ್ಣದ ಶೀಟನ್ನ ಬ್ಲೇಡು ಕತ್ತರಿಸೋದು, ಅಲ್ಲಿ ಗ್ರೇಡಿಯೆಂಟ್ ಮಾತೇ ಇಲ್ಲ. ಬಿಲ್ ಬುಕ್ಕು, ರಬ್ಬರ್ ಸ್ಟಾಂಪು, ಊಹೂಂ. ಹುಡುಗರ ಏಪ್ರನ್ ಮೇಲೆ ಎಂಬ್ರಾಯ್ಡರಿ ಮಾಡಿಸ್ತೀರಾ? ದಾರ ಅಂದ್ರೆ ದಾರ, ಒಂದು ದಾರಕ್ಕೆ ಒಂದೇ ಬಣ್ಣ, ಎರಡೂವರೆ ಇಂಚಿನ ಲೋಗೋದಲ್ಲಿ ಅದನ್ನ ಕರಗಿಸೋಕೆ ಜಾಗ ಎಲ್ಲಿದೆ. ಇಂಥ ಕಡೆ ಮೂರು ಮೆಟ್ಟಿಲು ಮಾಡಿ, ಕಂದು, ಜೇನು ಬಣ್ಣ, ಕೆನೆ, ಮೂರೂ ಗಟ್ಟಿ. ಮೇಲೆ ಮಾಸ್ಟರ್‌ಕಾರ್ಡ್ ಬಗ್ಗೆ ಹೇಳಿದ್ನಲ್ಲ, ಅದೇ ಉಪಾಯ.

ಆ ಬೇಕರಿ ಓನರ್ 5,000 ಬ್ಯಾಗನ್ನೂ ಬಳಸಿದ್ರು ಅನ್ನಿ. ನಾನು ಆ ಕಡೆ ರೋಡಲ್ಲಿ ಎರಡು ವರ್ಷ ಓಡಾಡ್ಲಿಲ್ಲ.

ಪ್ರಶ್ನೆ: ಅಂಗಡಿ ಮೇಲೆ 20 ಅಡಿ ಫ್ಲೆಕ್ಸ್ ಹಾಕಿಸಿದ್ವಿ. ಲ್ಯಾಪ್‌ಟಾಪಲ್ಲಿ ಸ್ಮೂತಾಗಿದ್ದ ಶೇಡು ಫ್ಲೆಕ್ಸಲ್ಲಿ ಪಟ್ಟೆ ಪಟ್ಟೆಯಾಗಿ ಬಂದಿದೆ. ಪ್ರಿಂಟರ್ ಸರಿ ಇಲ್ವಾ?
(ಮಂಗಳೂರು)

ಉತ್ತರ: ಪ್ರಿಂಟರ್ ಮೇಲೆ ಹಾಕೋ ಮುಂಚೆ ಲೆಕ್ಕ ಮಾಡಿ ಮಾರಾಯ್ರೆ. ನೀವು ಕಳಿಸಿದ ಫೋಟೋ ನೋಡಿದ್ರೆ ಒಂದು ನೀಲಿಯಿಂದ ಸ್ವಲ್ಪ ತಿಳಿ ನೀಲಿಗೆ ಹೋಗಿದೀರಿ, ಎರಡರ ನಡುವೆ ವ್ಯತ್ಯಾಸ, ಮೇಲೆ ಹೇಳಿದ 0ಯಿಂದ 255ರ ಲೆಕ್ಕದಲ್ಲಿ, 30 ಮೆಟ್ಟಿಲು ಇರ್ಬೋದು ಅಂತಿಟ್ಕೊಳ್ಳಿ. 20 ಅಡಿ ಅಂದ್ರೆ 240 ಇಂಚು, 30ರಿಂದ ಭಾಗಿಸಿ, ಒಂದೊಂದು ಮೆಟ್ಟಿಲು 8 ಇಂಚು ಅಗಲ. ಲ್ಯಾಪ್‌ಟಾಪಲ್ಲಿ ಅದೇ ಮೆಟ್ಟಿಲು ಅರ್ಧ ಇಂಚೂ ಇರಲ್ಲ, ಅದಕ್ಕೆ ಕಾಣ್ಲಿಲ್ಲ. ಇದಕ್ಕೆ ಬ್ಯಾಂಡಿಂಗ್ ಅಂತಾರೆ. ದೊಡ್ಡ ಜಾಗಕ್ಕೆ ಗ್ರೇಡಿಯೆಂಟ್ ಬೇಕಿದ್ರೆ ಎರಡು ತುದಿ ಬಣ್ಣಗಳ ಅಂತರ ಜಾಸ್ತಿ ಮಾಡಿ, ಇಲ್ಲಾ ಫೋಟೋಶಾಪಲ್ಲಿ ಒಂಚೂರು ನಾಯ್ಸ್ ಸೇರಿಸಿ, ರಂಗೋಲಿ ಪುಡಿ ಉದುರಿಸಿದ ಹಾಗೆ ಸಣ್ಣ ತರಿ, ಮೆಟ್ಟಿಲಿನ ಅಂಚು ಒಡೆದು ಕಣ್ಣಿಗೆ ಸಿಗಲ್ಲ. ಮತ್ತೆ ಪ್ರಿಂಟಿಗೆ ಫೈಲನ್ನ ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರಾ? ಅದು ಹಿಂಡಿ ಹಿಪ್ಪೆ ಮಾಡಿ ಕಳಿಸತ್ತೆ, ಗ್ರೇಡಿಯೆಂಟಿಗೆ ಮೊದಲು ಏಟು ಬೀಳೋದು ಅಲ್ಲೇ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾ ಪೆನ್‌ಡ್ರೈವ್ ಹಿಡ್ಕೊಂಡು ಹೋಗಿ ಬನ್ನಿ. ಹೊಳೆಯೋ ನೇರಳೆ, ಕಡುನೀಲಿ, ಗಿಳಿಹಸಿರು ಇವೆಲ್ಲ ಸ್ಕ್ರೀನಲ್ಲಿ ಇದ್ದಷ್ಟು ಶಾಯೀಲಿ ಬರಲ್ಲ ಅನ್ನೋದೂ ಗೊತ್ತಿರ್ಲಿ, ಪೂರ್ತಿ ಫ್ಲೆಕ್ಸ್ ಹಾಕಿಸೋ ಮುಂಚೆ ಒಂದಡಿ ತುಂಡು ಸ್ಯಾಂಪಲ್ ಕೇಳಿ.

ಪ್ರಶ್ನೆ: ಟ್ರೇಡ್‌ಮಾರ್ಕ್ ಮಾಡಿಸ್ಬೇಕು. ಗ್ರೇಡಿಯೆಂಟ್ ಇರೋ ಲೋಗೋ ಕೊಡ್ಲಾ, ಕಪ್ಪು ಬಿಳುಪಿಂದು ಕೊಡ್ಲಾ?
(ಕಲಬುರಗಿ)

ಉತ್ತರ: ನಾನು ವಕೀಲ ಅಲ್ಲ, ಆದ್ರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ 10ನೇ ಸೆಕ್ಷನ್ನಲ್ಲಿ ಇದು ಸ್ಪಷ್ಟ ಇದೆ. ಬಣ್ಣಕ್ಕೆ ಸೀಮಿತ ಮಾಡದೇ ನೋಂದಣಿ ಆದ ಗುರುತು ಎಲ್ಲಾ ಬಣ್ಣಕ್ಕೂ ನೋಂದಣಿ ಆದ ಹಾಗೆ. ಅದಕ್ಕೇ ಬಹಳ ಜನ ಕಪ್ಪು ಬಿಳುಪಿಂದು ಕೊಡ್ತಾರೆ, ನಾಳೆ ನೀವು ಗ್ರೇಡಿಯೆಂಟ್ ಬದಲಾಯಿಸಿದ್ರೂ ತಲೆನೋವಿಲ್ಲ. ಬಣ್ಣಾನೇ ನಿಮ್ಮ ಗುರುತು ಅಂತಿದ್ರೆ ಮಾತ್ರ ಬೇರೆ ಲೆಕ್ಕ, ಅದನ್ನ ಟ್ರೇಡ್‌ಮಾರ್ಕ್ ವಕೀಲರ ಹತ್ರ ಕೇಳಿ.

ಪ್ರಶ್ನೆ: ನಾನು ಫ್ರೀಲಾನ್ಸ್ ಡಿಸೈನರ್. ಏನೇ ಮಾಡಿಕೊಟ್ರೂ ಕ್ಲೈಂಟ್ "ಸ್ವಲ್ಪ ಶೈನಿಂಗ್ ಬರ್ಲಿ, ಡಬಲ್ ಶೇಡ್ ಹಾಕಿ" ಅಂತಾರೆ. ಸಾಕಾಗಿದೆ. ಹೇಗೆ ಒಪ್ಸೋದು?
(ಹೆಸರು ಬೇಡ, ಊರೂ ಬೇಡ)

ಉತ್ತರ: ವಾದ ಮಾಡ್ಬೇಡಿ, ಅವ್ರು ಹೇಳಿದ್ದನ್ನೇ ಮಾಡಿ. ಡಬಲ್ ಶೇಡ್ ಹಾಕಿದ್ದೊಂದು, ಗಟ್ಟಿ ಬಣ್ಣದ್ದೊಂದು, ಎರಡನ್ನೂ ಬಿಲ್ ಬುಕ್ ಸೈಜಿಗೆ ಪ್ರಿಂಟ್ ತೆಗೆದು, ಬೀದಿ ಕೊನೇಲಿರೋ ಜೆರಾಕ್ಸ್ ಅಂಗಡೀಲಿ ಎರಡು ರೂಪಾಯಿ ಕೊಟ್ಟು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನ ಅವ್ರ ಟೇಬಲ್ ಮೇಲಿಡಿ. ಇಟ್ಟು ಸುಮ್ನೆ ಕಾಫಿ ಕುಡೀರಿ. ಹತ್ತರಲ್ಲಿ ಏಳು ಜನ "ಇದೇನ್ರೀ ಕಪ್ಪಗೆ ಮುದ್ದೆ ಆಗಿದೆ" ಅಂತ ತಾವೇ ಕೇಳ್ತಾರೆ, ಮಾತು ಅಲ್ಲಿಂದ ಶುರು ಮಾಡಿ. ಉಳಿದ ಮೂರು ಜನ "ಪರ್ವಾಗಿಲ್ಲ, ಶೈನಿಂಗ್ ಇರ್ಲಿ" ಅಂತಾರೆ. ಅವ್ರಿಗೆ ಶೈನಿಂಗ್ ಹಾಕಿ, ಒಂದೇ ಬಣ್ಣದ್ದನ್ನೂ ಅದೇ ಫೋಲ್ಡರಲ್ಲಿ ಇಟ್ಟು ಕೊಡಿ, ಅಡ್ವಾನ್ಸ್ ಮಾತ್ರ ಮೊದಲೇ ಇಸ್ಕೊಳ್ಳಿ.